ಬಾಗಿಲಿಗೆ ಅಡ್ಡ ಇಟ್ಟ ಮೇಜು

ಅಕ್ಕಾ, ಅವತ್ತು ನಾನು ಮನೆಯಲ್ಲೇ ಇದ್ದೆ.

ನೀವು ಬಾಗಿಲು ತಟ್ಟಿದ್ದು ನನಗೆ ಕೇಳಿಸಿತು. ನನ್ನ ಹೆಸರು ಹಿಡಿದು ಕೂಗಿದ್ದೂ ಕೇಳಿಸಿತು. ಬಣ್ಣದ ಕಾಗದ ತರಲು ಮಕ್ಕಳನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋಗಿದ್ದೆ ಎಂದು ನಾನು ಹೇಳಿದೆ, ನೀವು ನಂಬಿದಿರಿ, ನೀವು ನಂಬಿದ್ದನ್ನು ನೆಂಟರೆಲ್ಲ ನಂಬಿದರು. ಅದು ಸುಳ್ಳು. ಪೂರ್ತಿ ಸುಳ್ಳೂ ಅಲ್ಲ — ಅದೇ ಅದರ ಕೆಟ್ಟತನ. ಹೋಗಿದ್ದು ನಿಜ. ಆದರೆ ಹೋಗಿದ್ದು ಆಮೇಲೆ, ನೀವು ತಟ್ಟಿ ತಟ್ಟಿ ಸುಮ್ಮನಾದ ಮೇಲೆ.

ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ. ನಡುವಿನಿಂದ ಶುರು ಮಾಡಿದರೆ ನನಗೆ ಬೇಕಾದಲ್ಲಿ ನುಣುಚಿಕೊಳ್ಳುವ ಬುದ್ಧಿ ನನ್ನದು. ಈ ಕೆಲವು ವರ್ಷಗಳಲ್ಲಿ ನನ್ನ ಬಗ್ಗೆ ನನಗೆ ಅಷ್ಟಾದರೂ ಗೊತ್ತಾಗಿದೆ.

ಮಾವ ಕೊಪ್ಪದಲ್ಲಿ ಈ ಮನೆ ಕಟ್ಟಿಸಿದಾಗ ಅದು ಒಂದೇ ಮನೆ. ಅಣ್ಣ ತಮ್ಮ ಬೇರೆಯಾದಾಗ ಜಗಳವಾಗಲಿಲ್ಲ. ನಡುವಿನ ಗೋಡೆಯಿಂದ ಆಚೆ ನಿಮಗೆ, ಈಚೆ ನಮಗೆ ಎಂದಾಯಿತು. ನಿಮ್ಮ ಮುಂಬಾಗಿಲು ಮೇಲಿನ ರಸ್ತೆಗೆ, ನಮ್ಮದು ಕೆಳಗಿನ ಓಣಿಗೆ. ಹೊರಗಿನಿಂದ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಬರಬೇಕೆಂದರೆ ದೊಡ್ಡ ಸುತ್ತು. ಅದಕ್ಕೇ ಗೋಡೆಯ ನಡುವಿನ ಬಾಗಿಲನ್ನು ಮುಚ್ಚಿಸದೆ ಹಾಗೇ ಬಿಟ್ಟರು. ಅದಕ್ಕೆ ಚಿಲಕ ಇತ್ತು, ಹಾಕುವ ಅಭ್ಯಾಸ ಇರಲಿಲ್ಲ. ಹೆಪ್ಪಿಗೆ ಮಜ್ಜಿಗೆ, ಕಡುಬು, ಬಸಳೆ ಸೊಪ್ಪು, ಮಕ್ಕಳು, ಬೆಕ್ಕು — ಎಲ್ಲ ಆ ಬಾಗಿಲಲ್ಲೇ ಓಡಾಡುತ್ತಿದ್ದವು. ನೀವೂ ಅಷ್ಟೆ.

ನಿಮ್ಮ ಆ ಓಡಾಟವೇ ನನಗೆ ಆಗುತ್ತಿರಲಿಲ್ಲ ಅಕ್ಕಾ. ಹೇಳಿಬಿಡುತ್ತೇನೆ. ನೀವು ಕೂಗದೆ ಬರುತ್ತಿದ್ದಿರಿ. ನೇರ ಅಡುಗೆಮನೆಗೆ ಬಂದು ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಿದ್ದಿರಿ. "ಎಂತ ಸುಮಾ, ಸಾರಿಗೆ ಹುಳಿ ಕಮ್ಮಿ ಆಯ್ತಲ್ಲ ಮಾರಾಯ್ತಿ" ಎಂದು ನಗುತ್ತಾ ಹೇಳುತ್ತಿದ್ದಿರಿ. ನಿಮ್ಮ ತವರು ಭಂಡಿಗಡಿಯ ತುಂಬಿದ ಮನೆ, ಅಲ್ಲಿ ಯಾರ ಪಾತ್ರೆ ಯಾರು ಎತ್ತಿದರೂ ಯಾರೂ ಕೇಳುವವರಿಲ್ಲ. ನಾನು ಅವ್ವನಿಗೆ ಒಬ್ಬಳೇ ಮಗಳು. ನನ್ನ ಡಬ್ಬಿ ನಾನಿಟ್ಟಲ್ಲೇ ಇರಬೇಕು. ಇಷ್ಟೇ ವ್ಯತ್ಯಾಸ. ಇದನ್ನು ನಾನು ದೊಡ್ಡದು ಮಾಡಿಕೊಂಡೆ.

ಮತ್ತೆ ಆ ಅಪ್ಪೆಮಿಡಿ ಉಪ್ಪಿನಕಾಯಿ. ಕಿಗ್ಗದಿಂದ ನನ್ನ ಅವ್ವ ಆರಿಸಿ ಆರಿಸಿ ಕಳಿಸಿದ ಮಿಡಿ. ಜಾಡಿಗೆ ಬಟ್ಟೆ ಕಟ್ಟಿ, ಮೇಲಿನ ಹಲಗೆಯಲ್ಲಿ ಇಟ್ಟಿದ್ದೆ. ಒಂದು ದಿನ ತೆಗೆದು ನೋಡಿದರೆ ಮೇಲೆಲ್ಲ ಬೆಳ್ಳಗೆ ಬೂಸರು. ಯಾರೋ ಒದ್ದೆ ಸೌಟು ಹಾಕಿದ್ದರು. ಜಾಡಿಗೆ ಜಾಡಿಯೇ ಬಾಳೆ ಬುಡಕ್ಕೆ ಹೋಯಿತು. "ನಾನು ಮುಟ್ಲಿಲ್ಲ ಕಣೇ, ದೇವ್ರಾಣೆ" ಎಂದಿರಿ ನೀವು. ನಾನು ನಂಬಲಿಲ್ಲ. ಒದ್ದೆ ಸೌಟು ನನ್ನ ಮಕ್ಕಳದ್ದಿರಬಹುದು, ನನ್ನ ಗಂಡನದ್ದಿರಬಹುದು, ಅವಸರದಲ್ಲಿ ನನ್ನದೇ ಇರಬಹುದು — ಇವತ್ತಿಗೂ ಗೊತ್ತಿಲ್ಲ. ಆದರೆ ಅವತ್ತು ನನಗೆ ನಿಮ್ಮ ಕೈಯೇ ಆಗಬೇಕಿತ್ತು.

ಮೇಜಿನ ಯೋಚನೆ ಬಂದಿದ್ದು ಅದೇ ದಿನಗಳಲ್ಲಿ. ಮೊಬೈಲಿನಲ್ಲಿ ಯಾರೋ ಒಬ್ಬಾಕೆ ತನ್ನ ಮಕ್ಕಳಿಗೆ ಕ್ರಾಫ್ಟ್ ಟೇಬಲ್ ಮಾಡಿಕೊಟ್ಟಿದ್ದನ್ನು ನೋಡಿದೆ. ಕತ್ತರಿಗೊಂದು ಗೂಡು, ಬಣ್ಣಕ್ಕೊಂದು ಗೂಡು, ಎಲ್ಲ ಗಾಜಿನ ಬಾಟಲಿಯಲ್ಲಿ ನೀಟಾಗಿ. ನಮ್ಮ ಮನೆಯಲ್ಲಿ ಗಾಜಿನ ಬಾಟಲಿ ಇಟ್ಟರೆ ಸಂಜೆಯೊಳಗೆ ಧ್ಯಾನ್ ಒಡೆದು ಹಾಕುತ್ತಾನೆ, ಅದು ಬೇರೆ ಮಾತು. ರಜೆ ಬಂದರೆ ಮಕ್ಕಳಿಬ್ಬರೂ ಮೊಬೈಲಿಗೆ ಮೂತಿ ತೂರಿಸಿಕೊಂಡು ಕೂರುತ್ತಿದ್ದರು, ಅದನ್ನು ಬಿಡಿಸಬೇಕಿತ್ತು. ನಮ್ಮನೆಯವರು ಶೃಂಗೇರಿಯಲ್ಲಿ ತಾವು ಕೆಲಸಕ್ಕಿದ್ದ ಪ್ಲೈವುಡ್ ಅಂಗಡಿಯಿಂದ ಮೂಲೆ ಮುರಿದ ಹಲಗೆಯೊಂದನ್ನು ಬೈಕಿಗೆ ಕಟ್ಟಿಕೊಂಡು ಬಂದರು. ಉಳಿದದ್ದನ್ನೆಲ್ಲ ಮಾಡಿದವರು ಭಾವ.

ನಿಮಗೆ ನೆನಪಿರಬಹುದು, ನಿಮ್ಮ ಹಿತ್ತಲಿನ ಹಳೇ ಬೆಂಚಿನ ಕಾಲು ಕಿತ್ತು ಅದಕ್ಕೆ ಹೊಡೆದರು. ಗೂಡ್ಸ್ ಆಟೋಗೆ ಬಾಡಿಗೆ ಇಲ್ಲದ ಹೊತ್ತಿನಲ್ಲೆಲ್ಲ ಅದೇ ಕೆಲಸ. ಇಂಚರಳ ಕೈಗೆ ಸ್ಯಾಂಡ್ ಪೇಪರ್ ಕೊಟ್ಟು "ತಿಕ್ಕು ಕೂಸೇ, ತಿಕ್ಕು, ನಿನ್ನ ಕೆನ್ನೆ ಹಂಗೆ ಆಗ್ಬೇಕು" ಎನ್ನುವುದು. ಮೊಳೆ ಹಿಡಿಯುವ ಕೆಲಸ ಧ್ಯಾನ್‌ಗೆ. ಮೊಳೆಗಿಂತ ಜಾಸ್ತಿ ಪೆಟ್ಟು ಬಿದ್ದಿದ್ದು ಭಾವನ ಹೆಬ್ಬೆರಳಿಗೆ. ಕಾಲು ಉದ್ದವಾಯಿತು, ಮಕ್ಕಳ ಮೇಜು ಇಷ್ಟು ಎತ್ತರ ಯಾಕೆ ಎಂದು ನಾನು ಗೊಣಗಿದೆ. "ಮಕ್ಕಳು ಬೆಳೀತಾರಲ್ಲ ಮಾರಾಯ್ತಿ, ಮೇಜು ಬೆಳಿಯಲ್ಲ" ಎಂದರು. ನೀಲಿ ಬಣ್ಣ ಬಳಿದು ಒಣಗಿದ ಮೇಲೆ ಮಕ್ಕಳು ಅಂಗೈಗೆ ಹಳದಿ ಬಣ್ಣ ಹಚ್ಚಿಕೊಂಡು ಹಲಗೆಯ ಮೇಲೆ ಒತ್ತಿದರು. "ದೊಡ್ಡಪ್ಪಾ, ನಿಂದೂ" ಎಂದು ಹಠ ಹಿಡಿದರು. ಭಾವ ತಮ್ಮ ಬಲಗೈಯನ್ನು ಎರಡು ಪುಟ್ಟ ಅಂಗೈಗಳ ನಡುವೆ ಒತ್ತಿದರು. ನನ್ನನ್ನೂ ಕರೆದರು, ಕೈಯಲ್ಲಿ ಹಿಟ್ಟಿದೆ ಎಂದೆ. ನಿಮ್ಮನ್ನು ಕರೆಯೋಣ ಎಂದಳು ಇಂಚರ. "ದೊಡ್ಡಮ್ಮ ಮಲಗಿದಾರೆ, ಬೇಡ" ಎಂದೆ. ನೀವು ಮಲಗಿರಲಿಲ್ಲ. ನಿಮ್ಮ ರುಬ್ಬುವ ಯಂತ್ರದ ಸದ್ದು ಕೇಳುತ್ತಿತ್ತು.

ಆಮೇಲೆ ಮೇಜನ್ನು ಎಲ್ಲಿಡುವುದು ಎಂಬ ಮಾತು ಬಂತು. ಮನೆಯಲ್ಲಿ ಜಾಗವಿತ್ತು. ಕಿಟಕಿಯ ಕೆಳಗಿತ್ತು, ಟಿವಿಯ ಪಕ್ಕದಲ್ಲಿತ್ತು. ನಾನು ಇಡಿಸಿದ್ದು ನಡುವಿನ ಬಾಗಿಲಿಗೆ ಒತ್ತಿ. ಬಾಗಿಲು ತೆರೆಯುವುದು ನಮ್ಮ ಕಡೆಗೆ. ಮೇಜು ಅಲ್ಲಿದ್ದರೆ ತೆರೆಯುವಂತಿಲ್ಲ. ಭಾವ ಒಂದು ಕ್ಷಣ ಮೇಜಿನ ಅಂಚು ಹಿಡಿದುಕೊಂಡೇ ನಿಂತರು.

"ಇಲ್ಲೇ ಇಡ್ತೀಯಾ ಸುಮಾ? ಬಾಗ್ಲು ತೆಗಿಯಕ್ಕೆ ಆಗಲ್ವಲ್ಲ."

"ಇಲ್ಲಿ ಬೆಳಕು ಚೆನ್ನಾಗಿದೆ ಭಾವ."

ಅಲ್ಲಿ ಬೆಳಕೇ ಇರಲಿಲ್ಲ. ಹಗಲಲ್ಲೂ ಲೈಟು ಹಾಕಬೇಕಾದ ಮೂಲೆ ಅದು. ಭಾವ ನನ್ನ ಮುಖ ನೋಡಿದರು, ಓಣಿಯ ಬಾಗಿಲಿನಿಂದ ಹೊರಬಿದ್ದು ಸುತ್ತು ಹಾಕಿಕೊಂಡು ಮನೆಗೆ ಹೋದರು. ಅವರು ಜಗಳ ಆಡುವವರಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ — ಇಲ್ಲ, ನೋಡಿ, ಇದೂ ಅವರ ಮೇಲೆ ಹಾಕುವ ಮಾತೇ. ಬಿಡಿ.

ನೀವು ಮಾತ್ರ ಬಾಗಿಲಿನ ಆಚೆ ನಿಂತು ತಟ್ಟುವುದನ್ನು ಬಿಡಲಿಲ್ಲ. "ಸುಮಾ, ಒಂಚೂರು ಹೆಪ್ಪು ಇದ್ಯನಾ?" ಎಂದು ಅಲ್ಲಿಂದಲೇ ಕೇಳುವಿರಿ. "ಮಕ್ಕಳು ಎಂತದೋ ಅಂಟಿಸಿಟ್ಟಿದಾರೆ ಅಕ್ಕಾ, ಮೇಜು ಎಳಿಯಕ್ಕೆ ಆಗಲ್ಲ" ಎಂದು ನಾನು ಈಚೆಯಿಂದಲೇ ಹೇಳುವೆ. ಎಷ್ಟು ಒಳ್ಳೆಯ ಕಾರಣ! ಮಕ್ಕಳ ಕ್ರಾಫ್ಟಿಗೆ ಯಾರು ಬೇಡ ಎನ್ನುತ್ತಾರೆ? ನಾನು ಮಕ್ಕಳ ಜೊತೆ ಕೂತು ಹಾಳೆಯಲ್ಲಿ ಮುಖವಾಡ ಮಾಡಿದೆ, ಹಳೇ ಆಮಂತ್ರಣ ಪತ್ರಿಕೆ ಕತ್ತರಿಸಿ ಗಣಪತಿ ಮಾಡಿದೆ. ಓಣಿಯವರೆಲ್ಲ ಹೊಗಳಿದರು. ಹೊಗಳಿಸಿಕೊಳ್ಳುತ್ತಾ ಒಳಗೊಳಗೇ ಗೆದ್ದೆ ಎಂದುಕೊಂಡೆ.

ದೀಪಾವಳಿಗೆ ಮುಂಚಿನ ದಿನ ಅದು. ಇವರು ಶೃಂಗೇರಿಗೆ ಹೋಗಿದ್ದರು. ನಾವು ಮೂವರು ಗೂಡುದೀಪ ಮಾಡುತ್ತಿದ್ದೆವು. ಬಿದಿರು ಕಡ್ಡಿಯ ಚೌಕಟ್ಟನ್ನು ಭಾವ ಹಿಂದಿನ ಸಂಜೆಯೇ ಕಟ್ಟಿಕೊಟ್ಟಿದ್ದರು. ಮೈದಾ ಗಂಜಿ ಕಾಯಿಸಿ ಬಣ್ಣದ ಕಾಗದ ಅಂಟಿಸಿದ್ದೆವು, ಇನ್ನೂ ಹಸಿ. ಗ್ಯಾಸಿನ ಮೇಲೆ ಕುಕ್ಕರ್ ಇತ್ತು. ಬೆಳಿಗ್ಗೆ ತಾನೇ ನೀವು ಕಾಂಪೌಂಡಿನ ಹತ್ತಿರ ಸಿಕ್ಕಾಗ "ಬಾಗ್ಲು ಮುಚ್ಚಿದ್ರೆ ಸಂಬಂಧನೂ ಮುಚ್ಚಿಹೋಗ್ತದೆ ಸುಮಾ" ಎಂದಿದ್ದಿರಿ, ನಾನು ಮುಖ ತಿರುಗಿಸಿಕೊಂಡು ಬಂದಿದ್ದೆ. ಆ ಮಾತು ಇನ್ನೂ ಚುಚ್ಚುತ್ತಿತ್ತು.

ಬಾಗಿಲು ತಟ್ಟಿದ ಸದ್ದಾಯಿತು. "ಸುಮಾ... ಸುಮಾ..."

ನಾನು ಮಕ್ಕಳ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟೆ. ಶ್ — ಎಂದೆ.

ಧ್ಯಾನ್‌ಗೆ ಅದು ಆಟ. ಕಿಸಕ್ಕನೆ ನಕ್ಕ. ಅವನ ಬಾಯಿ ಮುಚ್ಚಿದೆ. ನೀವು ಮತ್ತೆ ತಟ್ಟಿದಿರಿ. ಮೇಜಿನ ಮೇಲೆ ಗಂಜಿಯ ಬಟ್ಟಲಿನ ಪಕ್ಕದಲ್ಲಿದ್ದ ನನ್ನ ಮೊಬೈಲು ನಡುಗಿತು, ಸೈಲೆಂಟಿನಲ್ಲಿತ್ತು, 'ಅಕ್ಕ' ಎಂದು ಬೆಳಗಿತು. ಮಗುಚಿ ಇಟ್ಟೆ. ಆಗ ಕುಕ್ಕರ್ ನೆನಪಾಯಿತು. ಸೀಟಿ ಹೊಡೆದರೆ ಒಳಗಿದ್ದೇನೆ ಎಂದು ಗೊತ್ತಾಗುತ್ತದಲ್ಲ. ನಾನು ಎದ್ದು, ಕಾಲ್ಬೆರಳ ಮೇಲೆ ನಡೆದು ಹೋಗಿ, ಗ್ಯಾಸ್ ಆರಿಸಿ ಬಂದೆ.

ಇಲ್ಲಿಯವರೆಗೆ ನನಗೆ ಏನೂ ಗೊತ್ತಿರಲಿಲ್ಲ ಅಕ್ಕಾ. ನೀವು ಬೆಳಗಿನ ಮಾತು ಮುಂದುವರಿಸಲು ಬಂದಿದ್ದೀರಿ, ಇಲ್ಲವೇ ಹೆಪ್ಪಿಗೆ ಬಂದಿದ್ದೀರಿ ಎಂದೇ ಅಂದುಕೊಂಡಿದ್ದೆ. ಬಹಳ ದಿನ ನನಗೆ ನಾನು ಇಷ್ಟೇ ಕಥೆ ಹೇಳಿಕೊಂಡೆ, ಇಲ್ಲಿಗೇ ನಿಲ್ಲಿಸಿದೆ. ಏನಾಗಿದೆ ಎಂದು ತಿಳಿಯದೆ ಬಾಗಿಲು ತೆರೆಯಲಿಲ್ಲ, ಅಷ್ಟೇ, ಯಾರಿಗಾದರೂ ಆಗಬಹುದಾದದ್ದು...

ಹಾಗಲ್ಲ. ಗ್ಯಾಸ್ ಆರಿಸಿ ಬಂದ ಮೇಲೆ ನೀವು ಬೆರಳಲ್ಲಿ ತಟ್ಟುತ್ತಿರಲಿಲ್ಲ, ಅಂಗೈಯಲ್ಲಿ ಬಡಿಯುತ್ತಿದ್ದಿರಿ. ಮೇಜಿನ ಮೇಲೆ ಗೂಡುದೀಪ ಅಲುಗುತ್ತಿತ್ತು. ಆಗ ನೀವು ಹೇಳಿದ್ದು ಒಂದೊಂದು ಅಕ್ಷರವೂ ನನಗೆ ಕೇಳಿಸಿತು.

"ಸುಮಾ, ಇವ್ರಿಗೆ ಎಂತೋ ಆಯ್ತು ಕಣೇ. ನಾಲಿಗೆ ಹೊರಳ್ತಿಲ್ಲ. ಆಟೋ ತೆಗಿ ಬಾರೇ ಸುಮಾ..."

ಆಟೋ. ಭಾವ ಹಿಂದಿನ ಬೇಸಿಗೆಯಲ್ಲಿ ಶಾಲೆಯ ಮೈದಾನದಲ್ಲಿ ನನಗೆ ಗೂಡ್ಸ್ ಆಟೋ ಓಡಿಸಲು ಕಲಿಸಿದ್ದರು. ಎರಡೂ ಮನೆ ಸೇರಿ ಅವರನ್ನು ಬಿಟ್ಟರೆ ಅದನ್ನು ಓಡಿಸಲು ಬರುತ್ತಿದ್ದುದು ನನಗೊಬ್ಬಳಿಗೆ. ಅದು ನಿಮ್ಮ ಮನೆಯೆದುರೇ ನಿಂತಿತ್ತು. ನಿಮ್ಮ ಮಗ ಮೂಡಬಿದಿರೆಯ ಹಾಸ್ಟೆಲಿನಲ್ಲಿದ್ದ. ನೀವು ಈ ಬಾಗಿಲನ್ನೇ ತಟ್ಟಿದ್ದು ಅದಕ್ಕೆ.

ನಾನು ಏಳಲಿಲ್ಲ.

ಯಾಕೆ ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೆ. ದ್ವೇಷವೇ? ಅಷ್ಟು ದ್ವೇಷ ನನಗೆ ನಿಮ್ಮ ಮೇಲೆ ಯಾವತ್ತೂ ಇರಲಿಲ್ಲ, ಭಾವನ ಮೇಲಂತೂ ಇರಲೇ ಇಲ್ಲ. ಏಳಬೇಕು ಎಂದು ಅನ್ನಿಸಿತು, ಕಾಲು ಎದ್ದೂ ಆಗಿತ್ತು. ಆದರೆ ಈಗ ತೆರೆದರೆ — ಇಷ್ಟು ಹೊತ್ತು ಒಳಗೆ ಕೂತು ಎಂತ ಮಾಡ್ತಿದ್ದೆ ಎಂದು ನೀವು ಕೇಳುತ್ತೀರಿ. ಮಗುಚಿಟ್ಟ ಮೊಬೈಲು, ಆರಿಸಿದ ಕುಕ್ಕರ್, ಬಾಯಿ ಮುಚ್ಚಿಸಿಕೊಂಡ ಮಗು. ಎಲ್ಲ ನಿಮ್ಮ ಕಣ್ಣಿಗೆ ಬೀಳುತ್ತದೆ. ಆ ನಾಚಿಕೆಗೆ ಹೆದರಿ ಕೂತೆ. ಇನ್ನೊಂದು ಸಲ ತಟ್ಟಿದರೆ ತೆರೆಯುತ್ತೇನೆ ಎಂದುಕೊಂಡೆ. ನೀವು ತಟ್ಟಿದಿರಿ. ಇನ್ನೊಂದು ಸಲ — ಎಂದುಕೊಂಡೆ. ಆಮೇಲೆ ಸದ್ದು ನಿಂತಿತು, ನಿಮ್ಮ ಹೆಜ್ಜೆ ಮೇಲಿನ ರಸ್ತೆಯ ಕಡೆ ಓಡಿದ್ದು ಕೇಳಿಸಿತು.

ಆಗಲೂ ಹೊರಗೆ ಬರಬಹುದಿತ್ತು. ಬಂದೆ ಕೂಡ — ಆದರೆ ನಿಮ್ಮ ಕಡೆಗಲ್ಲ. ಮಕ್ಕಳಿಗೆ ಚಪ್ಪಲಿ ಹಾಕಿಸಿ ಓಣಿಯ ಬಾಗಿಲಿಗೆ ಬೀಗ ಹಾಕಿ, ಕೆಳಗಿನ ದಾರಿಯಲ್ಲಿ ಪೇಟೆಗೆ ಹೋದೆ. ಕಾಗದ ಕೊಂಡೆ. ಹಸಿರು, ಕೆಂಪು. ಬೇಕಾಗಿಯೇ ಇರಲಿಲ್ಲ, ಮನೆಯಲ್ಲಿ ಇತ್ತು. "ದೊಡ್ಡಮ್ಮ ಯಾಕೆ ಕರೀತಿದ್ರು?" ಎಂದು ಇಂಚರ ದಾರಿಯುದ್ದಕ್ಕೂ ಕೇಳಿದಳು. "ಯಾರೂ ಕರೀಲಿಲ್ಲ" ಎಂದೆ. ಅವಳಿಗೆ ಆಗ ಒಂಬತ್ತು ವರ್ಷ. ಅವಳು ನನ್ನ ಮುಖವನ್ನೇ ನೋಡಿದಳು, ಮತ್ತೆ ಕೇಳಲಿಲ್ಲ.

ವಾಪಸು ಬರುವಾಗ ಮೇಲಿನ ರಸ್ತೆಯಲ್ಲಿ ಜನ. ಬಾಳೆಹೊನ್ನೂರಿನ ಕಡೆ ಹೊರಟಿದ್ದ ಯಾರದೋ ಜೀಪನ್ನು ನೀವು ಅಡ್ಡ ಹಾಕಿದ್ದಿರಿ. ಭಾವನನ್ನು ಎತ್ತಿ ಮಲಗಿಸುತ್ತಿದ್ದರು. ನಾನು ಕಾಗದದ ಸುರುಳಿ ಹಿಡಿದುಕೊಂಡು ಓಡಿ ಬಂದೆ, "ಎಂತಾಯ್ತು ಅಕ್ಕಾ!" ಎಂದು ಚೀರಿದೆ. ನೀವು ನನ್ನನ್ನು ತಬ್ಬಿಕೊಂಡಿರಿ. "ಎಲ್ಲಿ ಹೋಗಿದ್ದೆಯೇ, ಎಷ್ಟು ಕೂಗಿದೆ ನಿನ್ನ..." ಎಂದಿರಿ. ನಾನು ಸುರುಳಿಯನ್ನು ತೋರಿಸಿದೆ. ಬಾಯಿಬಿಟ್ಟು ಹೇಳುವ ಮೊದಲೇ ನನ್ನ ಕೈ ಸುಳ್ಳು ಹೇಳಿ ಮುಗಿಸಿತ್ತು.

ಪೇಟೆಯ ಆಸ್ಪತ್ರೆಯಿಂದ ಶಿವಮೊಗ್ಗಕ್ಕೆ ಕಳಿಸಿದರು. ಮಿದುಳಿನ ರಕ್ತನಾಳ ಕಟ್ಟಿಕೊಂಡಿದೆ, ಮೈಯ ಬಲಭಾಗಕ್ಕೆ ಹೊಡೆದಿದೆ ಎಂದರು. ಇನ್ನೂ ಸ್ವಲ್ಪ ಬೇಗ ಬಂದಿದ್ದರೆ ಇಷ್ಟು ಆಗುತ್ತಿರಲಿಲ್ಲವೇನೋ ಎಂದು ಡಾಕ್ಟರ್ ಹೇಳಿದಾಗ ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ. ನೀವು ಗೋಡೆಗೆ ಹಣೆ ಚಚ್ಚಿಕೊಂಡಿರಿ. ನಾನು ನಿಮ್ಮ ಬೆನ್ನು ಸವರಿದೆ.

ಭಾವ ಬದುಕಿ ಬಂದರು. ಮಾತು ಬರಲಿಲ್ಲ. ಬಲಗೈ ಬರಲಿಲ್ಲ. ಗೂಡ್ಸ್ ಆಟೋ ಮಾರಿದ್ದಾಯಿತು.

ನಾನು ಮೊದಲು ಮಾಡಿದ ಕೆಲಸ ಮೇಜನ್ನು ಬಾಗಿಲಿನಿಂದ ಎಳೆದು ಹಾಕಿದ್ದು. ಆ ಬಾಗಿಲು ಮತ್ತೆ ಮುಚ್ಚಲೇ ಇಲ್ಲ. ಊಟ ಕೊಟ್ಟೆ, ಬಟ್ಟೆ ಒಗೆದೆ, ಭಾವನನ್ನು ಎತ್ತಿ ಕೂರಿಸಲು ಹೆಗಲು ಕೊಟ್ಟೆ. ಮಾಡಿದಷ್ಟೂ ನೀವು ಹೊಗಳಿದಿರಿ, ಹೊಗಳಿದಷ್ಟೂ ನಾನು ಇನ್ನಷ್ಟು ಮಾಡಿದೆ. ಕೈಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದವರು ಕಾಗದ ಹರಿಯುವುದು, ಮಣಿ ಪೋಣಿಸುವುದು, ಹಿಟ್ಟು ನಾದುವುದು ಮಾಡಿಸಿ ಎಂದರು. ಅದಕ್ಕೆಲ್ಲ ಮೇಜು ಬೇಕು. ಮನೆಯಲ್ಲಿ ಆ ಎತ್ತರದ್ದು ಒಂದೇ ಇತ್ತು. ಅವರು ಮಕ್ಕಳು ಬೆಳೆಯಲಿ ಎಂದು ಎತ್ತರ ಬಿಟ್ಟಿದ್ದ ಮೇಜಿಗೆ ಅವರದೇ ಗಾಲಿ ಕುರ್ಚಿ ಸರಿಯಾಗಿ ಕೂತಿತು.

ಈಗ ದಿನಾ ಸಂಜೆ ಅವರು ನಮ್ಮ ಕಡೆ ಬಂದು ಆ ಮೇಜಿಗೆ ಕೂರುತ್ತಾರೆ. ಬಲಗೈಯನ್ನು ನೀವೇ ಎತ್ತಿ ಹಲಗೆಯ ಮೇಲೆ ಇಡುತ್ತೀರಿ. ಎಷ್ಟೋ ಸಲ ಅದು ತನ್ನದೇ ಹಳದಿ ಅಚ್ಚಿನ ಮೇಲೆ ಬಂದು ಬೀಳುತ್ತದೆ. ಅಚ್ಚಿನಲ್ಲಿ ಬೆರಳುಗಳು ಅಗಲವಾಗಿ ಬಿಡಿಸಿಕೊಂಡಿವೆ, ಮೇಲಿನ ಕೈ ಮುದುಡಿಕೊಂಡಿದೆ. ಧ್ಯಾನ್ ಅವರ ಬೆರಳು ಒಂದೊಂದಾಗಿ ಬಿಡಿಸಿ ಅಚ್ಚಿಗೆ ಹೊಂದಿಸಲು ನೋಡುತ್ತಾನೆ. ನಾನು ಅಡುಗೆಮನೆಯಲ್ಲಿ ಕೆಲಸ ಹುಡುಕಿಕೊಳ್ಳುತ್ತೇನೆ. ಆ ಕೋಣೆಗೆ ಹೋಗದೆ ಮನೆಯಲ್ಲಿ ಎಲ್ಲಿಗೂ ಹೋಗುವಂತಿಲ್ಲ — ನೀರಿಗೆ ಹೋದರೂ ಅದೇ ದಾರಿ, ಬಟ್ಟೆ ತೆಗೆಯಲು ಹೋದರೂ ಅದೇ ದಾರಿ. ಮೇಜನ್ನು ಮಾರೋಣ, ಒಡೆದು ಒಲೆಗೆ ಹಾಕೋಣ ಎಂದು ಎಷ್ಟು ಸಲ ಅನ್ನಿಸಿದೆಯೋ. ಭಾವನ ಕೈಗೆ ಅದೇ ಬೇಕಲ್ಲ. ನಾನೇ ತಂದಿಟ್ಟುಕೊಂಡದ್ದು.

ಇದನ್ನೂ ಹೇಗೋ ಹೊತ್ತುಕೊಂಡು ಸಾಯುತ್ತಿದ್ದೆನೇನೋ. ಆದರೆ ನೀವು ಒಂದು ಮಾತು ಹೇಳಲು ಶುರು ಮಾಡಿದಿರಿ. ಭಾವನನ್ನು ನೋಡಲು ಯಾರು ಬಂದರೂ, ನಾನು ಕಾಫಿ ಹಿಡಿದುಕೊಂಡು ಬಂದು ನಿಂತಾಗ — "ಪಾಪ, ಇವ್ಳು ಅವತ್ತು ಮನೇಲಿರ್ಲಿಲ್ಲ. ನಾನೊಬ್ಳು ಮೊದ್ದು, ಯಾರೂ ಇಲ್ದಿದ್ ಮನೆ ಬಾಗ್ಲು ತಟ್ತಾ ಹೊತ್ತು ಕಳ್ದೆ. ಮೊದ್ಲೇ ರಸ್ತೆಗೆ ಓಡಿದ್ರೆ ಇವ್ರು ಹಿಂಗಾಗ್ತಿರ್ಲಿಲ್ಲ. ನನ್ ಕೈಯಾರೆ ಮಾಡಿದ್ದು." ನೀವು ಇದನ್ನು ಹೇಳಿದಾಗ ಬಂದವರು ಛೆ ಛೆ ಎನ್ನುತ್ತಾರೆ. ನಾನೂ ಎನ್ನುತ್ತೇನೆ.

ನೀವು ಹೂವು ಮುಡಿಯುವುದನ್ನು ಬಿಟ್ಟಿರಿ. ನಿಮಗೆ ಬಲು ಇಷ್ಟದ ಸಿಹಿ ಬಿಟ್ಟಿರಿ. ಭಂಡಿಗಡಿಯ ಅಣ್ಣನ ಮಗಳ ಮದುವೆಗೂ ಹೋಗಲಿಲ್ಲ. ಹಸೆ ಹಾಡು ನಿಮ್ಮಿಂದಲೇ ಆಗಬೇಕು ಎನ್ನುವ ಕಾಲವಿತ್ತು. ಈಗ ಹಾಡುವುದೇ ಇಲ್ಲ. ಕೇಳಿದರೆ "ನನಗೆಂತ ಮುಖ ಇದೆ" ಎನ್ನುತ್ತೀರಿ. ನನಗೆ ಸೇರಬೇಕಾದ ಶಿಕ್ಷೆಯನ್ನು ನನ್ನೆದುರೇ ನೀವು ತಿನ್ನುತ್ತಿದ್ದೀರಿ, ನಾನು ತಟ್ಟೆ ಇಟ್ಟು ಬಡಿಸುತ್ತಿದ್ದೇನೆ.

ಹೋದ ವರ್ಷ ಒಂದು ಸಂಜೆ ನೀವು ಔಷಧ ತರಲು ಪೇಟೆಗೆ ಹೋಗಿದ್ದಿರಿ. ಮಕ್ಕಳು ಆಡಲು ಹೋಗಿದ್ದರು. ಮೇಜಿನ ಹತ್ತಿರ ಭಾವ ಮತ್ತು ನಾನು ಇಬ್ಬರೇ. ಅವರು ಎಡಗೈಯಲ್ಲಿ ಕಾಗದ ಹರಿಯುತ್ತಿದ್ದರು. ಇದ್ದಕ್ಕಿದ್ದಂತೆ ತಡೆಯಲಾಗಲಿಲ್ಲ. "ಭಾವ, ಅವತ್ತು ನಾನು..." ಎಂದೆ.

ಅವರು ಕಾಗದ ಬಿಟ್ಟು, ಎಡಗೈ ಎತ್ತಿ, ತುಟಿಯ ಮೇಲೆ ಬೆರಳಿಟ್ಟರು.

ಅವರು ಬಿದ್ದಿದ್ದು ಆ ಬಾಗಿಲಿನ ಬುಡದಲ್ಲಿ ಎಂದು ನೀವೇ ಹೇಳಿದ್ದಿರಿ. ಬಾಗಿಲಿನ ಕೆಳಗೆ ಬೆರಳು ತೂರುವಷ್ಟು ಸಂದಿ ಇದೆ. ಧ್ಯಾನ್ ನಕ್ಕಿದ್ದು ಅವರಿಗೆ ಕೇಳಿಸಿದೆ. ನನ್ನ ಶ್ ಎನ್ನುವುದು ಕೇಳಿಸಿದೆ. ಎಲ್ಲವನ್ನೂ ಕೇಳಿಸಿಕೊಂಡು, ಹೇಳಲು ನಾಲಿಗೆ ಇಲ್ಲದೆ, ದಿನಾ ನನ್ನ ಕೈಯಿಂದಲೇ ಗಂಜಿ ಕುಡಿದಿದ್ದಾರೆ. ಆ ಬೆರಳು ಕರುಣೆಯೋ, ನಿಮ್ಮ ಮನಸ್ಸು ಒಡೆಯದಿರಲಿ ಎಂಬ ಕಳಕಳಿಯೋ, ಇದನ್ನು ಹೀಗೇ ಹೊತ್ತುಕೊಂಡಿರು ಎಂಬ ಮಾತೋ — ನನಗೆ ತಿಳಿಯಲಿಲ್ಲ. ಕೇಳುವಂತಿಲ್ಲ. ಕೇಳಿದರೂ ಅವರು ಹೇಳುವಂತಿಲ್ಲ. ನಾನು ಮತ್ತೆ ಬಾಯಿ ಮುಚ್ಚಿಕೊಂಡೆ. ಅವರ ಅಪ್ಪಣೆ ಎಂದು ನೆಪ ಮಾಡಿಕೊಂಡೆ, ನಿಜ ಹೇಳಬೇಕೆಂದರೆ ಒಂದಿಷ್ಟು ಹಗುರವೂ ಆಯಿತು. ಅದನ್ನು ಹೇಳಲು ಇವತ್ತಿಗೂ ನಾಚಿಕೆ.

ಇಂಚರ ಆ ಮೇಜಿಗೆ ಕೂರುವುದಿಲ್ಲ. ನೀವು ಗಮನಿಸಿರಬಹುದು, ದೊಡ್ಡವಳಾದಳು, ಕ್ರಾಫ್ಟ್ ಬೇಸರ ಬಂತು ಎಂದುಕೊಂಡಿರಬಹುದು. ನಾನೂ ಹಾಗೇ ಹೇಳಿದ್ದೆ. ಈ ಸಲದ ದೀಪಾವಳಿಗೆ ಗೂಡುದೀಪ ಮಾಡಬೇಕೆಂದು ಧ್ಯಾನ್ ಹಠ ಹಿಡಿದ. ಆ ವರ್ಷದ್ದು ಹಸಿಯಾಗಿಯೇ ಮೂಲೆಗೆ ಬಿದ್ದು ಇಲಿ ತಿಂದು ಹೋಗಿತ್ತು, ಆಮೇಲೆ ಮಾಡಿರಲಿಲ್ಲ. ನಿನ್ನೆ ಭಾವ ಎಡಗೈಯಲ್ಲಿ ಕಡ್ಡಿ ಹಿಡಿದರು, ಧ್ಯಾನ್ ದಾರ ಸುತ್ತಿದ. ನಾನು ಇಂಚರಳನ್ನು ಕರೆದೆ. "ಬಾರೇ, ಗಂಜಿ ಹಚ್ಚು ಬಾ."

ಅವಳು ಅಡುಗೆಮನೆಗೆ ಬಂದಳು. ಒಲೆಯ ಮೇಲೆ ಕುಕ್ಕರ್ ಇತ್ತು. ಅದನ್ನು ನೋಡಿದಳು.

"ಅಮ್ಮಾ, ಅವತ್ತು ನೀನು ಕುಕ್ಕರ್ ಆಫ್ ಮಾಡಿದ್ದು ನಂಗೆ ನೆನಪಿದೆ" ಎಂದಳು. ದನಿ ಏರಿಸಲಿಲ್ಲ. "ದೊಡ್ಡಮ್ಮ ತನ್ನದೇ ತಪ್ಪು ಅಂತ ಅಳ್ತಾರೆ. ನಂಗೆ ಆಗಲ್ಲ ಅಮ್ಮಾ. ನೀನು ಹೇಳ್ತೀಯಾ, ನಾನೇ ಹೇಳ್ಲಾ?"

ಒಂಬತ್ತು ವರ್ಷದ ಮಗುವಿನ ಬಾಯಿಗೆ ನಾನು ಇಟ್ಟ ಬೀಗ ಅದು. ಇಷ್ಟು ವರ್ಷವೂ ಅವಳು ಬೀಗವನ್ನು ಬಾಯಲ್ಲಿಟ್ಟುಕೊಂಡೇ ನಿಮ್ಮ ಮಡಿಲಲ್ಲಿ ತಲೆ ಬಾಚಿಸಿಕೊಂಡಿದ್ದಾಳೆ. ನಾನು ಸಿಕ್ಕಿಹಾಕಿಕೊಂಡಿದ್ದೇನೆ ಎಂದು ನನ್ನ ಬಗ್ಗೆಯೇ ಮರುಗುತ್ತಿದ್ದೆ. ಒಳಗೆ ಅವಳೂ ಇದ್ದಳು ಎಂಬುದು ತಲೆಗೇ ಹೋಗಲಿಲ್ಲ.

"ನಾನೇ ಹೇಳ್ತೀನಿ" ಎಂದೆ.

ಅದಕ್ಕೇ ಇಷ್ಟೆಲ್ಲ ಜೋಡಿಸಿಕೊಂಡೆ ಅಕ್ಕಾ. ನಿಮ್ಮೆದುರು ನಿಂತಾಗ ಇಷ್ಟೂ ಬಾಯಿಗೆ ಬರುವುದಿಲ್ಲ ಎಂದು ಗೊತ್ತು. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುವ ಜಾತಿ, ಅದನ್ನೂ ನಿಮ್ಮ ಮೇಲೆ ಹೊರಿಸಲಾರೆ. ನೀವು ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದರೆ ಕಟ್ಟಿಸಿ. ಭಾವನ ವ್ಯಾಯಾಮಕ್ಕೆ ಮೇಜನ್ನು ಇವತ್ತೇ ನಿಮ್ಮ ಕಡೆಗೆ ದಾಟಿಸುತ್ತೇನೆ. ಅದು ಮೊದಲಿನಿಂದಲೂ ಅವರದೇ.

ನೀವು ಈಗ ಆಚೆ ಅಕ್ಕಿ ಆರಿಸುತ್ತಾ ಕೂತಿದ್ದೀರಿ, ತೆರೆದ ಬಾಗಿಲಲ್ಲಿ ನಿಮ್ಮ ಬೆನ್ನು ಕಾಣುತ್ತಿದೆ. ಇಂಚರ ನನ್ನ ಹಿಂದೆ ನಿಂತಿದ್ದಾಳೆ. ಎಲ್ಲವೂ ಗಂಟಲಲ್ಲೇ ಉಳಿದರೂ ಒಂದು ಮಾತನ್ನಂತೂ ಹೇಳಿಯೇ ಹೇಳುತ್ತೇನೆ. ಅಕ್ಕಾ, ನೀವು ಹೊತ್ತು ಕಳೆಯಲಿಲ್ಲ. ನೀವು ತಟ್ಟಿದ್ದು ಸರಿಯಾದ ಬಾಗಿಲನ್ನೇ. ಒಳಗೆ ನಾನಿದ್ದೆ.